ಧನಪಾಲರ ಉಸಿರು

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿ ಭುವನಾ ಅಪ್ಪನ ಬಲಗೈ ಹೆಬ್ಬೆರಳನ್ನು ಇನ್ನೊಮ್ಮೆ ಉಜ್ಜಿದಳು. ಗೆಣ್ಣಿನ ಹತ್ತಿರದ ಕಪ್ಪು ಗಂಟು ಹಾಗೇ ಇತ್ತು.

"ಅದು ಹೋಗಲ್ಲ, ಬಿಡೇ," ಎಂದಳು ಗೋಡೆಗೆ ಒರಗಿ ಕೂತಿದ್ದ ಅವಳ ತಾಯಿ ತಿಮ್ಮಕ್ಕ. "ಕೊಳೆ ಅಲ್ಲ ಅದು, ಜಡ್ಡು. ಸ್ಯಾಕ್ಸೋಫೋನಿನ ಭಾರ ಹೊತ್ತು ಹೊತ್ತು ಬಿದ್ದಿದ್ದು. ನೀನು ಹುಟ್ಟೋಕೆ ಮುಂಚಿಂದ ಐತೆ."

ಭುವನಾ ಬಟ್ಟೆಯನ್ನು ಪಾತ್ರೆಗೆ ಬಿಟ್ಟು ಆ ಕೈಯನ್ನು ಅಪ್ಪನ ಎದೆಯ ಮೇಲೆ ಮೆಲ್ಲಗೆ ಇಟ್ಟಳು. ರಂಗಯ್ಯ ಬೆಳಗಿನ ಜಾವ ತೀರಿಕೊಂಡಿದ್ದ. ಐದು ವರ್ಷದಿಂದ ಎದೆಯ ಕಾಯಿಲೆ. ಕೊನೆಯ ತಿಂಗಳಲ್ಲಂತೂ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಈಗ ನಡುಮನೆಯಲ್ಲಿ, ಹೊಸ ಪಂಚೆಯ ಕೆಳಗೆ, ಆಯಾಸವೆಲ್ಲ ಕಳೆದವನ ಹಾಗೆ ಮಲಗಿದ್ದ.

ಅಂಗಳದಲ್ಲಿ ಬಿದಿರು ಸೀಳುತ್ತಿದ್ದವರ ಮಧ್ಯದಿಂದ ಚಿಕ್ಕಪ್ಪ ಹಾಲೇಶ್ ಒಳಗೆ ಬಂದ. ರಂಗಯ್ಯನ ತಮ್ಮ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಹೊಲದಾಗೆ ಗುಂಡಿ ಆಗ್ತಾ ಐತೆ. ತಮಟೆಯೋರಿಗೆ ಹೇಳಿದೀನಿ. ಭಜನೆಯೋರು ಇನ್ನೊಂದು ತಾಸಿಗೆ ಬತ್ತಾರೆ. ಇನ್ನೇನವ್ವ ಆಗಬೇಕು?" ಎಂದ.

"ಸ್ಯಾಕ್ಸೋಫೋನ್ ಆಗಬೇಕು ಚಿಕ್ಕಪ್ಪ."

"ಮತ್ತೆ ಅದೇ ಹೇಳ್ತೀಯಲ್ಲ! ಮಂಗಳವಾದ್ಯ ಕಣವ್ವ ಅದು. ಗಟ್ಟಿಮೇಳಕ್ಕೆ ಊದೋದು. ಹೆಣದ ಮುಂದೆ ಊದಿದ ವಾದ್ಯಾನ ಆಮೇಲೆ ಹಸೆಮಣೆ ಹತ್ರ ಯಾರು ಬಿಟ್ಕೊಂತಾರೆ?"

"ನಲವತ್ತು ವರ್ಷ ಊರೂರ ಮದುವೆಗೆ ಊದಿದ ಮನುಷ್ಯ. ಅವನನ್ನ ಬರೀ ತಮಟೇಲಿ ಕಳಿಸೋದಾ?"

ಹಾಲೇಶ್ ಅಣ್ಣನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿದ. "ಊದ್ತಿದ್ದುದು ಧನಪಾಲಣ್ಣ ಅಲ್ವೇನವ್ವ. ನಿಮ್ಮಪ್ಪ ಹಿಂದೆ ನಿಂತ್ಕೊಂಡು, ಏನೋ, ಆಸರೆಗೆ..."

ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಭುವನಾ ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಸೀಮೆಯಲ್ಲಿ ಮದುವೆ ಎಂದರೆ ಧನಪಾಲ್ ಮತ್ತು ಸಂಗಡಿಗರು. ಧನಪಾಲರು ಮುಂದೆ; ಅವರ ಎಡಭುಜದ ಹಿಂದೆ, ಅರ್ಧ ಹೆಜ್ಜೆ ತಗ್ಗಿ, ತಲೆ ಬಗ್ಗಿಸಿಕೊಂಡು ರಂಗಯ್ಯ; ಅವರ ಹಿಂದೆ ಡೋಲಿನವರು. ಧನಪಾಲರು ಊದುವಾಗ ಉಸಿರನ್ನೇ ತೆಗೆದುಕೊಳ್ಳುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಬೀರೂರಿನ ಒಬ್ಬ ವ್ಯಾಪಾರಿ ಪರೀಕ್ಷೆ ಮಾಡಲೆಂದೇ ಅವರ ಎದುರು ಕುಕ್ಕರಗಾಲಲ್ಲಿ ಕೂತು ಒಂದು ಬೀಡಿ ಹಚ್ಚಿ, ಸೇದಿ ಮುಗಿಸಿದ್ದನಂತೆ. ಬೀಡಿ ಮುಗಿದರೂ ನಾದ ಕಡಿದಿರಲಿಲ್ಲವಂತೆ. ತರೀಕೆರೆಯಲ್ಲಿ ಶಾಲು ಹೊದಿಸಿ 'ಅಖಂಡನಾದ' ಎಂದು ಬಿರುದು ಕೊಟ್ಟಿದ್ದರು. ವಾದ್ಯದವರು ಓಡಾಡುವ ವ್ಯಾನಿನ ಹಣೆಯ ಮೇಲೆ ಆ ಬಿರುದು ಬರೆಸಿತ್ತು. ರಂಗಯ್ಯನ ಹೆಸರು ವ್ಯಾನಿನ ಮೇಲೆ ಎಲ್ಲೂ ಇರಲಿಲ್ಲ.

ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದ ಗಂಡ ಶಶಿಧರ ಬಾಗಿಲಲ್ಲಿ ಇಣುಕಿದ. "ಧನಪಾಲ್ ತರೀಕೆರೆ ಬಿಟ್ಟಿದ್ದಾರಂತೆ. ಮಗ ಕಾರಲ್ಲಿ ಕರ್ಕೊಂಡು ಬರ್ತಿದ್ದಾನೆ."

"ವಾದ್ಯ ತರ್ತಾರಂತಾ?"

"ಸಾವಿನ ಸುದ್ದಿ ಹೇಳೋವಾಗ ಅದೆಲ್ಲ ಕೇಳೋಕಾಗುತ್ತಾ ಭುವನಾ?"

"ತಂದ್ರೂ ಅಷ್ಟೇ, ತರದಿದ್ರೂ ಅಷ್ಟೇ ಬಿಡಿ," ಎಂದು ಭುವನಾ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ನಡೆದಳು. "ನಮಗೆ ಊದೋ ಮನಸ್ಸು ಅವರಿಗೆ ಯಾವತ್ತು ಇತ್ತು?"

*

ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕದಲ್ಲೇ ಅಪ್ಪ ಅಭ್ಯಾಸ ಮಾಡುತ್ತಿದ್ದುದು.

ಬೆಳಿಗ್ಗೆ ಆರಕ್ಕೆಲ್ಲ ಕೂತುಬಿಡುತ್ತಿದ್ದ. ಮೊದಲು ರೀಡು ನೋಡುವುದು. ಸ್ಯಾಕ್ಸೋಫೋನಿನ ಬಾಯಿಗೆ ಕಟ್ಟುವ ಜೊಂಡಿನ ತೆಳು ಪಟ್ಟಿ ಅದು. ಅದು ಅದುರಿದರೆ ತಾನೇ ನಾದ. ಒಡೆದ ಗಾಜಿನ ಚೂರೊಂದನ್ನು ಅಪ್ಪ ಅದಕ್ಕೆಂದೇ ಇಟ್ಟುಕೊಂಡಿದ್ದ. ಒಂದೊಂದು ರೀಡನ್ನೂ ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಹೆರೆದು, ಊದಿ, ಮತ್ತೆ ಹೆರೆದು, ಎರಡೆರಡನ್ನು ಜೋಡಿ ಮಾಡುತ್ತಿದ್ದ. ಒಂದು ತನಗೆ, ಇನ್ನೊಂದು ಧನಪಾಲರಿಗೆ.

"ಅವರ ರೀಡು ಅವರು ಹೆರ್ಕೊಳಕ್ಕಾಗಲ್ವಾ?" ಎಂದು ತಿಮ್ಮಕ್ಕ ಬಟ್ಟೆ ಕುಕ್ಕುತ್ತಲೇ ಕೇಳುತ್ತಿದ್ದಳು.

"ಎರಡೂ ಒಂದೇ ಕೈಯಾಗೆ ಆಗಬೇಕು ಕಣೇ. ಇಲ್ಲದಿದ್ರೆ ಎರಡು ಕೇಳಿಸ್ತದೆ."

"ಎರಡು ಊದಿದ್ರೆ ಎರಡು ಕೇಳಿಸದೆ ಮೂರು ಕೇಳಿಸ್ತದಾ?"

ಅಪ್ಪ ನಕ್ಕು ಊದಲು ಶುರು ಮಾಡುತ್ತಿದ್ದ. ಆ ಊದುವಿಕೆಯೇ ವಿಚಿತ್ರ. ಒಂದು ರಾಗವನ್ನೂ ಮೊದಲಿನಿಂದ ಹಿಡಿಯುತ್ತಿರಲಿಲ್ಲ. ನಡುವಿನ ಎಲ್ಲಿಂದಲೋ ಎತ್ತಿ, ನಾಲ್ಕು ಸ್ವರ ಮೇಲೆ ಹತ್ತಿ, ಒಂದು ಬಳುಕು ಕೊಟ್ಟು, ಇನ್ನೇನು ಸೊಗಸು ಬಂತು ಎನ್ನುವಾಗ ನಿಲ್ಲಿಸಿಬಿಡುತ್ತಿದ್ದ. ತುಟಿಯಿಂದ ವಾದ್ಯ ತೆಗೆಯದೆ, ಕಣ್ಣು ಮುಚ್ಚಿ, ಒಂದಿಷ್ಟು ಹೊತ್ತು ಸುಮ್ಮನೆ ತಲೆದೂಗುತ್ತಿದ್ದ. ಮತ್ತೆ ಇನ್ನೆಲ್ಲಿಂದಲೋ ಇನ್ನೊಂದು ತುಣುಕು. ಭುವನಾ ಒಳಗೆ ರೊಟ್ಟಿ ತಟ್ಟುತ್ತಾ, ಶಾಲೆಗೆ ಜಡೆ ಹಾಕಿಕೊಳ್ಳುತ್ತಾ, ಆ ತುಣುಕುಗಳನ್ನು ಕೇಳುತ್ತಾ ಬೆಳೆದಳು. ಅದು ಬಾಯಿಪಾಠವೂ ಆಗಿಹೋಗಿತ್ತು. ಗೆಳತಿಯರ ಮನೆಯಲ್ಲಿ ಗುನುಗಿದರೆ, "ಇದ್ಯಾವ ಹಾಡೇ, ಬಾಲಾನೂ ಇಲ್ಲ ತಲೇನೂ ಇಲ್ಲ," ಎಂದು ನಗುತ್ತಿದ್ದರು.

ತಿಮ್ಮಕ್ಕನಿಗಂತೂ ಅದು ತಲೆನೋವು. "ಒಂದಾದರೂ ಪೂರಾ ಊದ್ರೀ! ಬಾಯಿಗೆ ಇಟ್ಟ ತುತ್ತು ಕಿತ್ಕೊಂಡ ಹಂಗಾಗ್ತದೆ ನಂಗೆ!"

"ಪೂರಾ ಊದೋಕೆ ಧನಪಾಲಣ್ಣ ಅವ್ನೆ," ಎನ್ನುತ್ತಿದ್ದ ಅಪ್ಪ. ಆ ಮಾತಿನಲ್ಲಿ ನೋವಿತ್ತೇ ಎಂದು ಭುವನಾ ಎಷ್ಟೋ ಸಲ ಅವನ ಮುಖದಲ್ಲಿ ಹುಡುಕಿದ್ದಳು. ಸಿಕ್ಕಿರಲಿಲ್ಲ.

*

ಕಾರು ಬಂದಾಗ ಹತ್ತೂವರೆ. ಧನಪಾಲರು ಮಗನ ಭುಜ ಹಿಡಿದು ಇಳಿದರು. ಎಪ್ಪತ್ತೆಂಟರ ಎತ್ತರದ ಆಳು. ಬಿಳಿ ಜುಬ್ಬ, ಅಂಚಿನ ಪಂಚೆ. ಐದು ವರ್ಷದ ಹಿಂದೆ ವಾದ್ಯದ ಸೆಟ್ಟನ್ನು ಮಗ ಧರ್ಮೇಶನಿಗೆ ಬಿಟ್ಟುಕೊಟ್ಟ ಮೇಲೆ ಅವರು ಊದಿದ್ದನ್ನು ಯಾರೂ ಕೇಳಿರಲಿಲ್ಲ. ಗತ್ತು ಇರುವಾಗಲೇ ಬಿಟ್ಟರು, ಹಾಗೆ ಬಿಡುವುದಕ್ಕೂ ದೊಡ್ಡ ಮನಸ್ಸು ಬೇಕು ಎಂದು ಜನ ಹೊಗಳಿದ್ದರು.

ಧರ್ಮೇಶ ಹಿಂದಿನ ಸೀಟಿನಿಂದ ಹಾರ ತೆಗೆದುಕೊಂಡ. ಧನಪಾಲರು ಇನ್ನೊಂದು ಬಾಗಿಲು ತೆಗೆದು ತಾವೇ ಒಂದು ಕಪ್ಪು ಪೆಟ್ಟಿಗೆ ಎತ್ತಿಕೊಂಡರು. ಅಂಗಳದಲ್ಲಿ ಗುಸುಗುಸು ಎದ್ದಿತು.

"ಅಪ್ಪಾ, ಅದು ಕಾರಲ್ಲೇ ಇರ್ಲಿ," ಎಂದ ಧರ್ಮೇಶ.

ಧನಪಾಲರು ಕೇಳಿಸದವರಂತೆ ಒಳಗೆ ಹೋದರು. ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ ರಂಗಯ್ಯನ ತಲೆಯ ಹತ್ತಿರ ಕೂತರು. ಅಳಲಿಲ್ಲ. ಬಹಳ ಹೊತ್ತು ಅವನ ಎದೆಯನ್ನೇ ನೋಡಿದರು, ಏಳುತ್ತದೇನೋ ಎಂಬಂತೆ.

"ಕೊನೇಲಿ ಏನಾದ್ರೂ ಹೇಳಿದ್ನಾ ತಿಮ್ಮಕ್ಕ?"

"ಏನಿಲ್ಲ ಕಣಣ್ಣ. ಧನಪಾಲಣ್ಣನ ಶುಗರು ಹೆಂಗೈತೆ ಕೇಳು ಅಂದ್ರು. ಅಷ್ಟೇಯ."

ಧನಪಾಲರು ತಲೆ ಆಡಿಸಿದರು. ಆಮೇಲೆ ಭುವನಾಳ ಕಡೆ ತಿರುಗಿ, "ಮಗಳೇ," ಎಂದರು.

ಚಿಕ್ಕಂದಿನಲ್ಲಿ ಭುವನಾ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಮದುವೆಯಾದ ಮೇಲೆ ಏನೂ ಎಂದಿರಲಿಲ್ಲ. ಈಗ ಬಗ್ಗಿ ಅಪ್ಪನ ಪಂಚೆಯ ಅಂಚನ್ನು ಕಾಲಿಗೆ ಎಳೆದಳು. ಅವಳ ಪಕ್ಕದಲ್ಲಿ, ಕಡೂರಿನಿಂದ ಬಂದಿದ್ದ ಅತ್ತೆ, ಶಶಿಧರನ ತಾಯಿ ವಿಶಾಲಾಕ್ಷಮ್ಮ, ಸೆರಗು ಸರಿಮಾಡಿಕೊಂಡು ಬೀಗಿತ್ತಿಯರ ಕಿವಿಗೆ ಬೀಳುವಷ್ಟು ಮೆಲ್ಲಗೆ, "ಪೆಟ್ಟಿಗೆ ತಂದವ್ರೆ ನೋಡ್ರೀ. ಮದುವೆಗೆ ಊದದೋರು ಸಾವಿಗೆ ಊದ್ತಾರಂತೆ," ಎಂದಳು.

ಇಪ್ಪತ್ತೆರಡು ವರ್ಷದಿಂದ ವಿಶಾಲಾಕ್ಷಮ್ಮನ ಬಾಯಲ್ಲಿ ಇದ್ದ ದೂರು ಅದು. ಭುವನಾಳ ಮದುವೆಯ ದಿನ ರಂಗಯ್ಯ ಧಾರೆ ಎರೆಯಬೇಕಿತ್ತು. ಹುಡುಗಿಯ ಅಪ್ಪ ವಾದ್ಯ ಹಿಡಿದು ನಿಲ್ಲುವ ಹಾಗಿರಲಿಲ್ಲ. ಧನಪಾಲರೊಬ್ಬರೇ ಊದಲು ಬಂದರು. ಊರೂರಿನಲ್ಲಿ ಗಂಟೆಗಟ್ಟಲೆ ಒಂದೇ ಎಳೆಯಲ್ಲಿ ರಾಗ ಹರಡುತ್ತಿದ್ದ ಮನುಷ್ಯ ಅಂದು ನಾಲ್ಕು ತುಂಡು ಊದುವುದು, ಡೋಲಿನವರಿಗೆ ಕಣ್ಸನ್ನೆ ಮಾಡುವುದು, ಕೂತುಬಿಡುವುದು. ಹೀಗೇ ಮುಹೂರ್ತ ಮುಗಿಯಿತು. ಗಂಡಿನ ಕಡೆಯವರು 'ಡೋಲಿನ ಮದುವೆ' ಎಂದು ಹೆಸರಿಟ್ಟರು. ಸಂಗಡಿಗನ ಮಗಳು ತಾನೇ, ಇಷ್ಟು ಸಾಕು ಎಂದು ಅಳೆದು ಊದಿದರು ಎಂಬುದು ಭುವನಾಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು. ಅಪ್ಪನನ್ನು ಕೇಳಿದಾಗ, "ಅವನನ್ನ ಏನೂ ಅನ್ನಬ್ಯಾಡ ಕಣವ್ವ, ಅವತ್ತು ಅವನು ಅಷ್ಟು ಊದಿದ್ದೇ ದೊಡ್ಡದು," ಎಂದಿದ್ದ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತ್ತು. ಇಷ್ಟಾದ ಮೇಲೂ ಯಜಮಾನನ ಪರ ವಹಿಸುವ ಆಳಿನ ಬುದ್ಧಿ ಎಂದುಕೊಂಡಿದ್ದಳು.

ಧನಪಾಲರು ಪೆಟ್ಟಿಗೆ ತೆರೆದರು. ಕೆಂಪು ಮಖಮಲ್ಲಿನ ಒಳಗೆ ಸ್ಯಾಕ್ಸೋಫೋನಿನ ಹಿತ್ತಾಳೆ ಬಣ್ಣ ಮಾಸಿತ್ತು.

"ಅಪ್ಪಾ!" ಧರ್ಮೇಶ ಮಂಡಿಯೂರಿ ಅವರ ಕೈ ಹಿಡಿದ. "ನಾಳೆ ಬೀರೂರಲ್ಲಿ ಮುಹೂರ್ತ ಐತೆ. ಇಲ್ಲಿ ಊದಿದ್ರು ಅಂತ ಗೊತ್ತಾದ್ರೆ ಒಳಕ್ಕೆ ಬಿಟ್ಕೊಂತಾರಾ? ಈ ವರ್ಷ ಪೂರಾ ಒಪ್ಪಿರೋ ಮದುವೆಗಳು..."

"ಸೆಟ್ಟು ಊದಲ್ಲ. ನಾನು ಊದೋದು."

"ಸೆಟ್ಟು ಅಂದ್ರೆ ನೀವೇ ಅಲ್ವಾ? ವ್ಯಾನ್ ಮೇಲೆ ಯಾರ ಹೆಸರೈತೆ?"

"ಅಳಿಸಿಬಿಡು."

ಹಾಲೇಶ್ ನಡುವೆ ಬಂದ. "ಧನಪಾಲಣ್ಣ, ಹುಡುಗ ಹೇಳೋದ್ರಾಗೂ ನ್ಯಾಯ ಐತೆ. ಪದ್ಧತಿ ಅನ್ನೋದು ನೀವೇ ನಮಗೆ ಹೇಳ್ಕೊಟ್ಟಿದ್ದು. ನಿಮ್ಮ ತಾಯಿ ಹೋದಾಗ ನೀವೇ ಊದಲಿಲ್ಲ."

"ಊದಲಿಲ್ಲ. ಈ ವಾದ್ಯ ಇವತ್ತಿಂದ ಮದುವೆಗೆ ಬರಲ್ಲ ಹಾಲೇಶ. ನಾನೂ ಬರಲ್ಲ. ಸಾಕಲ್ವಾ?" ಅವರು ವಾದ್ಯ ತೂಗುವ ಕೊರಳಪಟ್ಟಿ ಹಾಕಿಕೊಂಡರು. "ರೀಡು ಇವನೇ ಹೆರೆದಿದ್ದು. ಐದು ವರ್ಷ ಆಯ್ತು. ಎಲ್ಲಿ ಸೀಳು ಬಿಟ್ಟದೋ ನೋಡಬೇಕು."

ಭುವನಾ ಅವರನ್ನೇ ನೋಡಿದಳು. ತಾನು ಬೆಳಿಗ್ಗೆಯಿಂದ ಹಟ ಹಿಡಿದು ಕೇಳಿದ್ದು ಇದನ್ನೇ. ಈಗ ಅದು ಕಣ್ಣೆದುರು ನಡೆಯುತ್ತಿರುವಾಗ ಭಯವಾಯಿತು. ಇವರು ಊದಿ, ಜನ ಆಹಾ ಎಂದು, ಸಾವಿನ ದಿನವೂ ಧನಪಾಲರದೇ ಆಗಿಬಿಟ್ಟರೆ? ಅಪ್ಪ ಹೆಣವಾಗಿಯೂ ಅರ್ಧ ಹೆಜ್ಜೆ ಹಿಂದೆಯೇ ಉಳಿದುಬಿಟ್ಟರೆ?

*

ಅವಳಿಗೆ ಹತ್ತು ವರ್ಷವಿದ್ದಾಗ, ಬೇಸಿಗೆ ರಜೆಯಲ್ಲಿ, ಅಪ್ಪ ಲಕ್ಕವಳ್ಳಿಗೆ ಕರೆದುಕೊಂಡು ಹೋಗಿದ್ದ. ಅಣೆಕಟ್ಟಿನ ಎಂಜಿನಿಯರ್ ಅನಂತಪದ್ಮನಾಭ ಎನ್ನುವವರ ಮಗಳ ಮದುವೆ. ಮರುದಿನ ಬೆಳಿಗ್ಗೆ ಆ ಎಂಜಿನಿಯರು ಧನಪಾಲರನ್ನೂ ಅಪ್ಪನನ್ನೂ ಕ್ವಾರ್ಟರ್ಸಿಗೆ ಕರೆಸಿ, ಕಾಫಿ ಕೊಟ್ಟು, ಟೇಪ್ ರೆಕಾರ್ಡರ್ ಹಾಕಿದರು.

"ಇದು ಬ್ಲೂಸ್. ಅಮೆರಿಕದ ಕಪ್ಪು ಜನ ಹತ್ತಿ ಹೊಲದಲ್ಲಿ ಜೀತ ಮಾಡ್ತಾ ಕಟ್ಟಿದ ಹಾಡಿಂದ ಬೆಳೆದದ್ದು. ಕೇಳಿ."

ಒಬ್ಬ ಗಂಡಸಿನ ಒರಟು ದನಿ. ಒಂದು ಸಾಲು ಹಾಡಿ ಆತ ನಿಲ್ಲಿಸಿಬಿಟ್ಟ. ಆ ಖಾಲಿ ಜಾಗದಲ್ಲಿ ಗಿಟಾರು ಏನೋ ಹೇಳಿತು. ಮತ್ತೆ ಅದೇ ಸಾಲು. ಗಿಟಾರು ಈ ಸಲ ಬೇರೆ ಏನೋ ಹೇಳಿತು. ಮೂರನೆಯ ಸಾಲಿಗೆ ಹಾಡು ತಿರುಗಿ ಮನೆಗೆ ಬಂದಂತಾಯಿತು.

"ಅರ್ಧಕ್ಕೇ ಬಿಟ್ಬಿಡ್ತಾನಲ್ಲ ಸಾರ್?" ಎಂದರು ಧನಪಾಲರು.

"ಬಿಡಬೇಕು. ಅದರ ಕಟ್ಟೇ ಹಾಗೆ. ಸಾಲಿಗೆ ತಾಳದ ನಾಲ್ಕು ಸುತ್ತು, ಮೂರು ಸಾಲಿಗೆ ಹನ್ನೆರಡು. ಪ್ರತಿ ಸಾಲಲ್ಲೂ ಮೊದಲರ್ಧ ಹಾಡೋನದು. ಉಳಿದದ್ದು ವಾದ್ಯದ್ದು."

ಅಪ್ಪ ಕಾಫಿ ಲೋಟ ಕೆಳಗಿಟ್ಟು ಟೇಪಿನ ಹತ್ತಿರ ಸರಿದಿದ್ದ. "ಇನ್ನೊಂದ್ಸಲ ಹಾಕಿ ಸಾರ್. ಅವನು ಉಸಿರು ತಗೊಂಡದ್ದು ಕೇಳಿಸ್ತು!"

ಮತ್ತೆ ಹಾಕಿದರು. ಅಪ್ಪ ಕಿವಿಯನ್ನು ಪೆಟ್ಟಿಗೆಗೆ ತಾಗಿಸಿಯೇಬಿಟ್ಟ. "ಹೌದು! ಹಂಗೇ ಬಿಟ್ಟವ್ರೆ. ಮುಚ್ಚೋಕೇ ಹೋಗಿಲ್ಲ. ಎಂಥ ಧೈರ್ಯ ನೋಡಣ್ಣ."

ಆಮೇಲೆ ಇನ್ನೊಂದು ಕ್ಯಾಸೆಟ್ಟು. ಅದರಲ್ಲಿ ಸ್ಯಾಕ್ಸೋಫೋನೇ ಇತ್ತು. ಅದಕ್ಕೆ ಜಾಜ್ ಎನ್ನುತ್ತಾರೆಂದೂ, ಮೊದಲು ಎಲ್ಲರೂ ಸೇರಿ ಪಲ್ಲವಿಯಂಥದ್ದನ್ನು ನುಡಿಸಿ, ಆಮೇಲೆ ಒಬ್ಬೊಬ್ಬರೂ ಸರದಿಯ ಮೇಲೆ ಮುಂದೆ ಬಂದು ಮನಸ್ಸಿಗೆ ತೋಚಿದ್ದನ್ನು ಕಟ್ಟಿ, ಕೊನೆಗೆ ಮತ್ತೆ ಎಲ್ಲರೂ ಪಲ್ಲವಿಗೆ ಬರುತ್ತಾರೆಂದೂ ಎಂಜಿನಿಯರು ಹೇಳಿದರು. ಹೇಳುತ್ತಲೇ ಅಪ್ಪನ ಕಡೆ ನೋಡಿ ನಕ್ಕರು. "ನಿನ್ನೆ ನಿಮ್ಮ ಹಿಂದೇನೇ ಕೂತಿದ್ದೆ ರಂಗಯ್ಯ. ನಂಗೆ ಗೊತ್ತಾಯ್ತು. ನಿಮ್ಮ ಸರದಿ ಬಂದ್ರೆ ಏನು ನುಡಿಸ್ತೀರಿ?"

ಧನಪಾಲರು ತಲೆ ತಗ್ಗಿಸಿ ಖಾಲಿ ಲೋಟವನ್ನು ತಿರುಗಿಸುತ್ತಾ ಕೂತರು.

"ನಂಗೆ ಸರದಿ ಬ್ಯಾಡಿ ಸಾರ್," ಎಂದ ಅಪ್ಪ. "ಎರಡು ಊದಿದ್ದು ಒಂದಾಗ್ತದಲ್ಲ, ಆವಾಗ ನಾನು ಅದರ ಒಳಗಡೆ ನಿಂತಿರ್ತೀನಿ. ಹೊರಗಿಂದ ಕೇಳೋರಿಗೆ ಅದು ಸಿಗಲ್ಲ. ಧನಪಾಲಣ್ಣಂಗೂ ನಂಗೂ ಇಬ್ಬರಿಗೇ ಸಿಗೋದು."

ಭುವನಾಳಿಗೆ ಆಗ ಎಂಜಿನಿಯರ ಮನೆಯ ಕೆನೆ ಬಿಸ್ಕತ್ತಿನ ಮೇಲೇ ಗಮನವಿತ್ತು.

*

ಹೆಣವನ್ನು ಚಟ್ಟಕ್ಕೆ ಕಟ್ಟಿ ಅಂಗಳದಲ್ಲಿ ಇಟ್ಟಿದ್ದರು. ಧನಪಾಲರು ಅದರ ತಲೆಯ ಕಡೆ ನಿಂತು ಸ್ಯಾಕ್ಸೋಫೋನನ್ನು ತುಟಿಗಿಟ್ಟರು. ಭಜನೆಯವರು ತಾಳ ನಿಲ್ಲಿಸಿದರು. ಹೆಂಗಸರ ಅಳು ತಾನಾಗಿ ತಗ್ಗಿತು.

ಆನಂದಭೈರವಿ. ಮದುವೆಮನೆಗಳಲ್ಲಿ ಎಲ್ಲರೂ ಕೇಳಿದ ರಾಗ. ಕೆಳಗಿನ ಷಡ್ಜದಿಂದ ನಾದ ಎದ್ದು, ತೂಗಿಕೊಳ್ಳುತ್ತಾ, ಒಂದೊಂದೇ ಮೆಟ್ಟಿಲು ಹತ್ತಿ ಪಂಚಮಕ್ಕೆ ಬಂತು. ಅಲ್ಲಿ ಹಿಗ್ಗಿತು. ಇನ್ನೇನು ಮೇಲಕ್ಕೆ ಹೊರಳಬೇಕು, ನಿಂತುಹೋಯಿತು.

ಧನಪಾಲರ ತುಟಿಯಲ್ಲಿ ವಾದ್ಯ ಹಾಗೇ ಇತ್ತು, ಊದುತ್ತಿರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು.

"ದಮ್ಮು ಸಾಲದು ಪಾಪ," ಎಂದರು ಯಾರೋ. "ವಯಸ್ಸಾಯ್ತಲ್ಲ."

"ಅಖಂಡನಾದ ಅಂತಿದ್ರು..."

"ಅಪ್ಪಾ, ಸಾಕು," ಎಂದು ಧರ್ಮೇಶ ಮುಂದೆ ಬಂದ. ಅವನ ಮುಖ ಕೆಂಪಾಗಿತ್ತು.

ನಾದ ಮತ್ತೆ ಎದ್ದಿತು. ಆದರೆ ನಿಂತ ಜಾಗದಿಂದಲ್ಲ. ಅದಕ್ಕಿಂತ ಮುಂದೆ, ಮೇಲಿನ ಷಡ್ಜದಿಂದ. ನಡುವಿನ ದಾರಿಯನ್ನು ಯಾರೋ ಆಗಲೇ ನಡೆದು ಮುಗಿಸಿ ಅವರ ಕೈಗೆ ಕೊಟ್ಟ ಹಾಗೆ. ಅಲ್ಲಿಂದ ಇಳಿಯುತ್ತಾ ಬಂದು ಮತ್ತೆ ನಿಂತಿತು. ಮತ್ತೆ ನಾಲ್ಕು ಎಣಿಕೆ. ಮತ್ತೆ ಮುಂದಿನಿಂದ.

ಆ ಖಾಲಿ ಜಾಗ ಭುವನಾಳಿಗೆ ಖಾಲಿಯಾಗಿ ಕೇಳುತ್ತಿರಲಿಲ್ಲ. ನಾದ ನಿಂತ ಕೂಡಲೇ ಅವಳ ಕಿವಿಯೊಳಗೆ ಇನ್ನೊಂದು ಶುರುವಾಗುತ್ತಿತ್ತು: ನಾಲ್ಕು ಸ್ವರ ಮೇಲೆ ಹತ್ತಿ, ಒಂದು ಬಳುಕು ಕೊಟ್ಟು, ಸೊಗಸು ಬಂತು ಎನ್ನುವಾಗ ಮುಗಿಯುವ ತುಣುಕು. ಅದು ಮುಗಿಯುವ ಸ್ವರದಲ್ಲೇ ಧನಪಾಲರು ಎತ್ತಿಕೊಳ್ಳುತ್ತಿದ್ದರು. ಮುಂದಿನ ಖಾಲಿಗೆ ಮುಂದಿನ ತುಣುಕು. ಒಂದೂ ಹೆಚ್ಚಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ತಲೆಯೂ ಇಲ್ಲದ ಬಾಲವೂ ಇಲ್ಲದ ಅವಳ ಬಾಲ್ಯದ ಹಾಡುಗಳೆಲ್ಲ ಒಂದೊಂದಾಗಿ ಎದ್ದು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ನಲವತ್ತು ವರ್ಷ ಊರಿಗೆ ಊರೇ ಒಬ್ಬನ ಉಸಿರು ಎಂದು ಕೇಳಿದ್ದರಲ್ಲಿ ಸರಿಯಾಗಿ ಅರ್ಧ ಅಪ್ಪನದು.

ಪಕ್ಕದಲ್ಲಿ ತಿಮ್ಮಕ್ಕ ಅವಳ ತೋಳನ್ನು ಹಿಡಿದಳು. ಉಗುರು ಊರುವಷ್ಟು ಬಿಗಿಯಾಗಿ.

"ಭುವನಾ," ಎಂದಳು ಪಿಸುದನಿಯಲ್ಲಿ. "ಇದರ ಉಳಿದರ್ಧ ನಮ್ಮನೇಲಿತ್ತಲ್ಲೇ!"

"ಹೂಂ ಅವ್ವ."

"ನಾನು ಬೈತಿದ್ದೆನಲ್ಲೇ. ಪೂರಾ ಊದಿ ಅಂತ."

ಮುಂದಿನ ಖಾಲಿ ಬಂದಾಗ ತಿಮ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅದರೊಳಗೇ, ಆ ತುಣುಕನ್ನು ಗುನುಗಿದಳು. ಬಟ್ಟೆ ಒಗೆಯುತ್ತಾ ಕೇಳಿದ್ದ ಲಯದಲ್ಲೇ, ಸ್ವಲ್ಪ ಒಡೆದ ದನಿಯಲ್ಲಿ. ಭುವನಾಳಿಗಲ್ಲದೆ ಯಾರಿಗೂ ಕೇಳಿಸುವಂತಿರಲಿಲ್ಲ. ಆದರೂ ವಿಶಾಲಾಕ್ಷಮ್ಮ ತಿರುಗಿ ನೋಡಿದಳು. ತಿಮ್ಮಕ್ಕನ ಅಲುಗುವ ಸೆರಗನ್ನು ನೋಡಿ, ಧನಪಾಲರನ್ನು ನೋಡಿ, ಮತ್ತೆ ಸೆರಗನ್ನು ನೋಡಿದಳು.

"ನಿನ್ನ ಮದುವೇಲಿ..." ಎಂದು ಸೊಸೆಯ ಕಿವಿಗೆ ಬಾಗಿದಳು. ಮೊದಲ ಬಾರಿಗೆ ಅವಳ ಬಾಯಲ್ಲಿ ಆ ಮದುವೆಯ ಮಾತು ಅರ್ಧಕ್ಕೆ ನಿಂತಿತು.

ಭುವನಾಳಿಗೂ ಅದೇ ಕಣ್ಣಮುಂದೆ ಬಂದಿತ್ತು. ಹಸೆಮಣೆಯ ಮೇಲೆ ಕೂತು ತಾನು ಕಂಡ ಧನಪಾಲರು: ನಾಲ್ಕು ತುಂಡು ಊದಿ, ಬೆವರು ಒರೆಸಿಕೊಂಡು, ಡೋಲಿನವರಿಗೆ ಕಣ್ಸನ್ನೆ ಮಾಡಿ, ಧಾರೆ ಎರೆಯುತ್ತಿದ್ದ ಅಪ್ಪನ ಕಡೆ ಮತ್ತೆ ಮತ್ತೆ ನೋಡುತ್ತಿದ್ದವರು. ಅಳೆದು ಊದಿದವರ ನೋಟ ಅದಾಗಿರಲಿಲ್ಲ. ಸಂತೆಯಲ್ಲಿ ಕೈತಪ್ಪಿದ ಮಗುವಿನ ನೋಟ. ಎದ್ದು ಹೋಗಬಹುದಿತ್ತು. ಬೇರೆ ಸೆಟ್ಟಿನವರನ್ನು ಕಳಿಸಬಹುದಿತ್ತು. ಸಾವಿರ ಜನರ ಮುಂದೆ ಹೆಸರು ಕಳೆದುಕೊಂಡರೂ ಸರಿ ಎಂದು ನಿಂತಿದ್ದರು.

ಆಲಾಪನೆ ಮುಗಿಯಿತು.

ಧರ್ಮೇಶ ಮೆಲ್ಲಗೆ ಕೇಳಿದ. "ಯಾಕಪ್ಪ ಹಂಗೆ ಬಿಟ್ಟು ಬಿಟ್ಟು ಊದಿದ್ರಿ? ನಿಮ್ಮ ಕೈಲಾಗದಿದ್ರೆ ನಾನು ಸೇರಿಸ್ತಿದ್ನಲ್ಲ."

"ಅವನು ಊದ್ತಿದ್ದ ಜಾಗ ಅದು," ಎಂದರು ಧನಪಾಲರು. ದನಿ ಎತ್ತರಿಸಲಿಲ್ಲ, ಆದರೆ ಅಂಗಳದ ಕೊನೆಗೆ ನಿಂತವರಿಗೂ ಕೇಳಿಸಿತು. "ನಾನು ಉಸಿರು ತಗೊಳ್ಳೋವಾಗೆಲ್ಲ ಇವನು ಊದ್ತಿದ್ದ. ನೀವು ಯಾರೂ ಎರಡು ಅಂತ ಕಂಡುಹಿಡೀಲಿಲ್ಲ. ಅದಕ್ಕೇ ನನ್ನ ಹೆಸರಾಯ್ತು. ಹೇಳ್ತೀನಿ ಕಣೋ ಅಂತ ಎಷ್ಟೋ ಸಲ ಅಂದೆ. ಹೇಳಿದ್ರೆ ಎರಡು ಕೇಳಿಸೋಕೆ ಶುರುವಾಗ್ತದೆ, ಬ್ಯಾಡ ಅಂದ." ಅವರು ಚಟ್ಟದ ಕಡೆ ನೋಡಿದರು. "ಇನ್ನು ಹೇಳಿದ್ರೆ ಇವನೇನೂ ಅನ್ನಂಗಿಲ್ಲ."

ಹಾಲೇಶ್ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಯಾರ ಮುಖವನ್ನೂ ನೋಡದೆ ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. "ಎತ್ರಪ್ಪ," ಎಂದ.

"ದೊಡ್ಡಪ್ಪ," ಎಂದು ಭುವನಾ ಧನಪಾಲರ ಹತ್ತಿರ ಬಂದಳು. "ಹೊಲದ ತನಕ ನಡೀಬೇಕು. ನಿಮ್ಮ ಕೈಲಾಗುತ್ತಾ?"

"ಆದಷ್ಟು ನಡೀತೀನಿ ಮಗಳೇ. ಆಗದಲ್ಲಿ ನಿಲ್ತೀನಿ. ಇನ್ನೇನು ಮುಚ್ಚಿಡೋದು ಐತೆ?"

ಮೆರವಣಿಗೆ ಓಣಿ ದಾಟಿ ಕೆರೆಯ ಏರಿಗೆ ಹತ್ತಿತು. ಧನಪಾಲರು ಮುಂದೆ, ಹಿಂದೆ ಚಟ್ಟ, ಅದರ ಹಿಂದೆ ಊರು. ತಮಟೆಯವರು ತಾವಾಗಿಯೇ ಬದಿಗೆ ಸರಿದು, ತಮಟೆ ಬಡಿಯದೆ ಬರುತ್ತಿದ್ದರು. ಧನಪಾಲರು ಒಂದು ಎಳೆ ಊದುತ್ತಿದ್ದರು, ನಿಲ್ಲಿಸುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಎರಡನೆಯ ಸಲಕ್ಕೇ ಹೊತ್ತವರ ಕಾಲುಗಳು ಅದನ್ನು ಕಲಿತಿದ್ದವು. ನಾದ ಇದ್ದಾಗ ನಡೆಯುವುದು, ನಿಂತಾಗ ನಿಲ್ಲುವುದು.

ಏರಿಯ ನಡುಮಧ್ಯದಲ್ಲಿ ಆ ದಿನದ ಅತಿ ಉದ್ದದ ಬಿಡುವು ಬಂತು. ಊರಿಗೆ ಊರೇ ನಿಂತಿತು. ಹಾಲೇಶನ ಬಲಗಾಲು ಹೆಜ್ಜೆಯಿಡಲು ಎತ್ತಿದ್ದು ಅರ್ಧದಲ್ಲೇ ಉಳಿಯಿತು; ಭಾರ ಹೊತ್ತ ಹೆಗಲನ್ನು ಅವನು ಅಲುಗಿಸಲಿಲ್ಲ. ಯಾರೂ ಕೆಮ್ಮಲಿಲ್ಲ. ಬಿಸಿಲಿನಲ್ಲಿ ಇನ್ನೂರು ಜನ ತಲೆಯನ್ನು ಒಂದಿಷ್ಟು ಒಂದೇ ಕಡೆಗೆ ವಾಲಿಸಿಕೊಂಡು, ಮಾತಾಡುತ್ತಿರುವವನು ಮುಗಿಸಲಿ ಎಂಬಂತೆ ಕಾದರು. ಆಗ ಧನಪಾಲರು ವಾದ್ಯವನ್ನು ತುಟಿಯಿಂದ ಕೆಳಗಿಳಿಸಿ, ಜನರ ಕಡೆ ಪೂರ್ತಿ ತಿರುಗಿ, ಎಲ್ಲರಿಗೂ ಕಾಣುವಂತೆ ಬಾಯಿ ತೆರೆದು, ಎದೆ ತುಂಬ ಉಸಿರು ತೆಗೆದುಕೊಂಡರು.